ಮಿಷಿಗನ್ನಿನ ಶಾಸಕ ನಮ್ಮ ಎಂಎಲ್‌ಎ ಅಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಗೆದ್ದ ನಮ್ಮ ಕಡೆಯವರ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಶಾಸಕ, ಸಂಸದ, ಸೆನೆಟರ್ ಎಂಬ ಮೂರು ಪದಗಳು ಕಲಸುಮೇಲೋಗರವಾಗುತ್ತವೆ. ಶ್ರೀ ಥಾಣೇದಾರ್ ಅವರನ್ನೇ ತೆಗೆದುಕೊಳ್ಳಿ. ಚಿಕ್ಕೋಡಿಯಲ್ಲಿ 1955ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪದವೀಧರರು. 2021ರ ಜನವರಿಯಿಂದ ಎರಡು ವರ್ಷ ಅವರು ಮಿಷಿಗನ್ ರಾಜ್ಯದ ಕೆಳಮನೆಯಲ್ಲಿದ್ದರು. ಅದು ನಮ್ಮ ಲೆಕ್ಕದಲ್ಲಿ ವಿಧಾನಸಭೆ. 2023ರ ಜನವರಿಯಲ್ಲಿ ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಗೆ ಹೋದರು, ಅದು ಲೋಕಸಭೆಯಂಥದ್ದು. ಸೆನೆಟ್ ಎಂಬ ಹೆಸರಿನ ಮೇಲ್ಮನೆ ವಾಷಿಂಗ್ಟನ್ನಿನಲ್ಲೂ ಇದೆ, ರಾಜ್ಯಗಳಲ್ಲೂ ಇದೆ (ನೆಬ್ರಾಸ್ಕಾದಲ್ಲಿ ಮಾತ್ರ ಇರುವುದೇ ಒಂದು ಮನೆ). ಒಬಾಮ 1997ರಿಂದ 2004ರವರೆಗೆ ‘ಸೆನೆಟರ್’ ಆಗಿದ್ದದ್ದು ಇಲಿನಾಯ್ ರಾಜ್ಯದ ಮೇಲ್ಮನೆಯಲ್ಲಿ. ಯಾವ ಮನೆ, ಯಾವ ರಾಜ್ಯ ಎಂದು ಹೇಳದೆ ಸೆನೆಟರ್ ಎಂದಷ್ಟೇ ಬರೆದರೆ ಓದುಗನಿಗೆ ಏನೂ ತಿಳಿಯುವುದಿಲ್ಲ.

ಪದಗಳ ಗೊಂದಲ ಹೇಗೋ ಸರಿಹೋದೀತು. ಅಲ್ಲಿನ ಶಾಸಕನ ದಾರಿಯೇ ಬೇರೆ ಎಂಬುದು ನಮ್ಮ ವರದಿಗಳಲ್ಲಿ ಕಾಣುವುದು ಅಪರೂಪ. ಮೊದಲನೆಯದಾಗಿ ಅಲ್ಲಿ ಬಿ ಫಾರಂ ಇಲ್ಲ. ಟಿಕೆಟ್ ಹಂಚುವ ಹೈಕಮಾಂಡ್ ಇಲ್ಲ. ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವವರು ಆಗಸ್ಟ್‌ನ ಪ್ರೈಮರಿ ಚುನಾವಣೆಯಲ್ಲಿ ಮತ ಹಾಕುವ ಸಾಮಾನ್ಯ ಮತದಾರರು. ಮಿಷಿಗನ್ನಿನ ಕೆಳಮನೆಗೆ ಪ್ರೈಮರಿಯಲ್ಲಿ ನಿಲ್ಲಲು 100 ಡಾಲರ್ ಕಟ್ಟಿದರೆ ಸಾಕು, ಇಲ್ಲವೇ ಕ್ಷೇತ್ರದ 200 ಮತದಾರರ ಸಹಿ ತರಬೇಕು. ಹಣ ಕಟ್ಟುವುದೇ ಕ್ಷೇಮ. ಗವರ್ನರ್ ಸ್ಥಾನಕ್ಕೆ, ವಾಷಿಂಗ್ಟನ್ನಿನ ಸಭೆಗೆ ಈ ರಿಯಾಯಿತಿ ಇಲ್ಲ, ಸಹಿಯೇ ಬೇಕು: ಮೊದಲನೆಯದಕ್ಕೆ 15,000, ಎರಡನೆಯದಕ್ಕೆ 1,000. ಅನುಭವಿಗಳೂ ಎಡವುವುದು ಇಲ್ಲೇ. ಸಹಿಗೊಂದಿಷ್ಟು ಎಂದು ದುಡ್ಡು ಪಡೆದು ಸಂಗ್ರಹಿಸುವವರು ಮೇಜಿನ ಮುಂದೆ ಕೂತು ತಾವೇ ಗೀಚಿದರೆ ಅಭ್ಯರ್ಥಿಯ ಕತೆ ಮುಗಿದಂತೆ. 2022ರಲ್ಲಿ ಗವರ್ನರ್ ಸ್ಥಾನ ಬಯಸಿದ್ದ ರಿಪಬ್ಲಿಕನ್ ಪಕ್ಷದ ಹತ್ತು ಮಂದಿಯಲ್ಲಿ ಐವರ ಹೆಸರು ಇಂಥ ಖೋಟಾ ಸಹಿಗಳಿಂದಲೇ ಮತಪತ್ರದಿಂದ ಬಿದ್ದುಹೋಯಿತು.

ಥಾಣೇದಾರ್ ಮೊದಲು ಹಾರಿದ್ದು ನೇರವಾಗಿ ಮೇಲಿನ ಮೆಟ್ಟಿಲಿಗೆ. 2018ರಲ್ಲಿ ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತು, ರಾಸಾಯನಿಕ ಪರೀಕ್ಷಾ ಕಂಪನಿಗಳಿಂದ ಗಳಿಸಿದ ಸ್ವಂತ ಹಣ ಒಂದು ಕೋಟಿ ಡಾಲರ್‌ಗೂ ಮೀರಿ ಸುರಿದು, ಮೂವರಲ್ಲಿ ಮೂರನೆಯವರಾದರು. (ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ, ಜನ ಆರಿಸಿದ ಆಡಳಿತದ ಮುಖ್ಯಸ್ಥ.) ಆಮೇಲೆ ಆನ್ ಆರ್ಬರ್ ಬಿಟ್ಟು ಡೆಟ್ರಾಯಿಟ್‌ಗೆ ಮನೆ ಬದಲಿಸಿ 2020ರಲ್ಲಿ ರಾಜ್ಯದ ಕೆಳಮನೆಗೆ ನಿಂತರು. ಈ ಮನೆ ಬದಲಾವಣೆ ಸಣ್ಣ ವಿಷಯವಲ್ಲ. ಕರ್ನಾಟಕದ ಯಾವುದೇ ಕ್ಷೇತ್ರದ ಮತದಾರ ರಾಜ್ಯದ ಬೇರೆ ಯಾವ ಸಾಮಾನ್ಯ ಕ್ಷೇತ್ರದಲ್ಲಿ ಬೇಕಾದರೂ ನಿಲ್ಲಬಹುದು. ಮಿಷಿಗನ್ನಿನ ಸಂವಿಧಾನದ ಪ್ರಕಾರ ಶಾಸಕ ಅದೇ ಕ್ಷೇತ್ರದ ಮತದಾರನಾಗಿರಬೇಕು. ಗೆದ್ದ ಮೇಲೆ ವಾಸ ಬಿಟ್ಟರೆ ಸ್ಥಾನವೂ ಹೋಯಿತು.

ಗೆದ್ದು ಒಳಗೆ ಹೋದವರಿಗೆ ಮಂತ್ರಿಗಿರಿಯ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. ಆಯ್ಕೆಯಾದ ಅವಧಿಯಲ್ಲಿ ಗವರ್ನರ್‌ರಿಂದ ಯಾವ ನೇಮಕವನ್ನೂ, ನೋಟರಿ ಹುದ್ದೆಯೊಂದನ್ನು ಬಿಟ್ಟು, ಪಡೆಯಬಾರದೆಂದು ಸಂವಿಧಾನವೇ ತಡೆದಿದೆ. ಅಂದರೆ ನಿಗಮ ಮಂಡಳಿ ಅಧ್ಯಕ್ಷಗಿರಿಯ ಸಮಾಧಾನವೂ ಇಲ್ಲ! ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗುವುದಿಲ್ಲ. ಶಾಸಕನ ಕೈಯಲ್ಲಿ ಉಳಿಯುವುದು ಮಸೂದೆ ಮತ್ತು ಮತ ಎರಡೇ.

ಆ ಮಸೂದೆಯ ಹಾದಿಯೂ ಸಲೀಸಲ್ಲ. 110 ಸದಸ್ಯರ ಕೆಳಮನೆಯಲ್ಲಿ 56, 38 ಸದಸ್ಯರ ಸೆನೆಟ್‌ನಲ್ಲಿ 20 ಮತ ಬೇಕು. ಪ್ರತಿ ಮನೆಯಲ್ಲಿ ಕನಿಷ್ಠ ಐದು ದಿನ ಮಸೂದೆ ಇರಬೇಕು. ಗವರ್ನರ್‌ಗೆ 14 ದಿನ. ಮೂರನೇ ಎರಡರಷ್ಟು ಬಹುಮತದಿಂದ ‘ತಕ್ಷಣ ಜಾರಿ’ ಎಂದು ಒಪ್ಪದಿದ್ದರೆ ಅಧಿವೇಶನ ಮುಗಿದು 90 ದಿನಗಳಾದ ಮೇಲೆಯೇ ಕಾಯ್ದೆ ಜಾರಿ. ಹೆಚ್ಚಿನ ಮಸೂದೆಗಳು ಸಾಯುವುದು ಇದೆಲ್ಲಕ್ಕೂ ಮುಂಚೆ, ಸಮಿತಿಯಲ್ಲಿ. ಬಹುಮತದ ಪಕ್ಷಕ್ಕೆ ಸೇರಿದ ಸಮಿತಿ ಅಧ್ಯಕ್ಷ ಕಡತ ತೆರೆಯದಿದ್ದರೆ ಮುಗಿಯಿತು. ಥಾಣೇದಾರ್ ಇದ್ದ ಅವಧಿಯಲ್ಲಿ ಅವರ ಪಕ್ಷ 52, ಎದುರು ಪಕ್ಷ 58. ಒಂದೇ ಅವಧಿಗೆ ಅವರು ಹೊರನಡೆದುದನ್ನು ಅವಸರ ಎಂದು ಬೈಯುವ ಮುನ್ನ ಈ ಲೆಕ್ಕ ನೋಡಬೇಕು. ಕಾಲಮಿತಿಯೂ ಇದೆ: 1992ರ ಜನಮತದಿಂದ ಕೆಳಮನೆಯಲ್ಲಿ ಆರು ವರ್ಷ, ಸೆನೆಟ್‌ನಲ್ಲಿ ಎಂಟು, ಅಷ್ಟೇ, 2022ರಲ್ಲಿ ಅದನ್ನು ಎರಡೂ ಮನೆ ಸೇರಿ 12 ವರ್ಷವೆಂದು ಬದಲಿಸಿದರು. ಅನುಭವಿ ಶಾಸಕ ತಯಾರಾಗುವ ಹೊತ್ತಿಗೆ ಮನೆಗೆ ಕಳಿಸುವ ಈ ವ್ಯವಸ್ಥೆಯಿಂದ ಲಾಭವಾಗುವುದು ಕಾಯಂ ಕೂತಿರುವ ಲಾಬಿಗಾರರಿಗೆ ಎಂಬುದು ನನ್ನ ಅಭಿಪ್ರಾಯ. ಇಂಥ ಮಿತಿಯಿಲ್ಲದ ವಿಸ್ಕಾನ್ಸಿನ್‌ನಲ್ಲಿ ಫ್ರೆಡ್ ರಿಸ್ಸರ್ 1957ರಿಂದ 2021ರವರೆಗೆ ಶಾಸಕರಾಗಿಯೇ ಇದ್ದರು.

ಸಂಬಳದ ಮಾತು ಚಿಕ್ಕದಾಗಿ: ಮಿಷಿಗನ್ನಿನಲ್ಲಿ ವರ್ಷಕ್ಕೆ 71,685 ಡಾಲರ್, ಟೆಕ್ಸಸ್‌ನಲ್ಲಿ 7,200, ನ್ಯೂಹ್ಯಾಂಪ್‌ಶೈರ್‌ನಲ್ಲಿ ಎರಡು ವರ್ಷದ ಅವಧಿಗೆ 200 ಡಾಲರ್. ಕೊನೆಯ ಎರಡು ಕಡೆ ಬೇರೆ ಕಸುಬಿಲ್ಲದೆ ಶಾಸಕನಾಗಿ ಬದುಕಲು ಆಗುವುದಿಲ್ಲ.

ವರದಿಗಾರರಿಗೆ ಒಂದು ಕೋರಿಕೆ. ಡೆಟ್ರಾಯಿಟ್‌ನಂಥ ಒಂದೇ ಪಕ್ಷದ ಪ್ರದೇಶದಲ್ಲಿ ನವೆಂಬರ್ ಫಲಿತಾಂಶ ಬರೀ ಮುದ್ರೆ. 2022ರ ಆಗಸ್ಟ್‌ನಲ್ಲಿ ಥಾಣೇದಾರ್ ಒಂಬತ್ತು ಮಂದಿಯ ನಡುವೆ ಶೇ 28ರಷ್ಟು ಮತ ಪಡೆದು ಗೆದ್ದದ್ದೇ ನಿಜವಾದ ಚುನಾವಣೆ. ನವೆಂಬರ್‌ನಲ್ಲಿ ಸಿಕ್ಕ ಶೇ 71 ಅದರ ಬಾಲ. ಆ ಪ್ರೈಮರಿಯಲ್ಲಿ ಎರಡನೆಯವರಾಗಿದ್ದ, ರಾಜ್ಯ ಸೆನೆಟ್‌ನ ಅನುಭವವಿದ್ದ ಆಡಮ್ ಹಾಲಿಯರ್ 2024ರಲ್ಲಿ ಮತ್ತೆ ಎದುರಾಗಲು ಬಂದರು. ಅಧಿಕಾರಿಗಳು ಎಣಿಸಿದಾಗ ಬೇಕಾದ 1,000 ಸಹಿಗಳಲ್ಲಿ ಸರಿಯಿದ್ದದ್ದು 863. ಮತದಾರರ ಮುಂದೆ ಹೋಗುವ ಮೊದಲೇ ಅವರ ಸ್ಪರ್ಧೆ ಮುಗಿದಿತ್ತು. ಆ ಸುದ್ದಿ ಬಂದದ್ದು ಮೇ ತಿಂಗಳಲ್ಲಿ.

ಇಂತಿ,
ರಾಜ್ಯಶಾಸ್ತ್ರದ ಒಬ್ಬ ಅಧ್ಯಾಪಕ, ಧಾರವಾಡ