ಭಾನುವಾರದ ಕೂಟಕ್ಕ ಕೇಳಿಕೊಂಡು ಬರ್ರಿ: ಹ್ಯಾನ್ಸನ್ ಅಣ್ಣತಮ್ಮರ ಮೊದಮೊದಲ ಹಾಡುಗಳು

ಎಲ್ಲರಿಗೂ ಶರಣ್ರೀ. ಭಾನುವಾರ ಸಂಜಿ 5ಕ್ಕ ಅಪ್ಪನ ಕೆರಿ ಹತ್ರ ನಮ್ಮ ಮನಿಯಾಗ ಹಾಡಿನ ಬಗ್ಗೆ ಮಾತಾಡಲಿಕ್ಕ ಕೂಡೋಣ. ಸುಸಲಾ, ಮಿರ್ಚಿ ನಮ್ಮ ಕಡಿಂದ.

ಈ ಸಲ ಅಮೆರಿಕಾದ ತುಲ್ಸಾ ಊರಿನ ‘ಹ್ಯಾನ್ಸನ್’ ಬ್ಯಾಂಡಿನ ಮೂವರು ಅಣ್ಣತಮ್ಮರು: ಐಸಾಕ್, ಟೇಲರ್, ಝ್ಯಾಕ್. 1997ರಾಗ ‘ಮ್‌ಮ್‌ಬಾಪ್’ ಹಾಡಿ ಜಗತ್ತಿಗೇ ಗೊತ್ತಾದವರು. ಆದರ ನಾವು ವಿಮರ್ಶೆ ಮಾಡೋದು ಅದಕ್ಕೂ ಮೊದಲಿನ, 1995–96ರ ಸ್ವಂತ ಧ್ವನಿಮುದ್ರಣ. 1998ರಾಗ ‘3 ಕಾರ್ ಗ್ಯಾರೇಜ್’ ಅಂತ ಆಲ್ಬಮ್ ಆಗಿ ಬಂತು. 1995 ಶುರುವಾದಾಗ ಸಣ್ಣವ ಝ್ಯಾಕ್‌ಗ ಇನ್ನೂ 9 ವರ್ಷ, ಟೇಲರ್‌ಗ 11.

ಅದರೊಳಗ ಅದೇ ‘ಮ್‌ಮ್‌ಬಾಪ್’ ನಿಧಾನಕ್ಕ ಐತಿ. ದಯವಿಟ್ಟು ಅದನ್ನೇ ಮೊದಲು ಕೇಳ್ರಿ, 1997ರದ್ದು ಆಮ್ಯಾಲೆ. ಎಷ್ಟೋ ಮಂದಿ ಬಾಳಿನಾಗ ಬಂದು ಹೋಗತಾರ, ಕಡೀತನ ಉಳಿಯೋರು ಕೆಲವರೇ ಅನ್ನೋದು ಆ ಹಾಡಿನ ಮಾತು. ವೇಗದ ಹಾಡಿನಾಗ ಕುಣಿತ ಮುಂದ ಬರತದ, ನಿಧಾನದ್ದರಾಗ ಆ ಸಂಕಟ ಕೇಳಸತದ. ನನಗಂತೂ ಇದೇ ಹೆಚ್ಚು ಹಿಡಿಸ್ತು.

ಮೂವರೂ ಕೂಡಿ ಹಾಡೋ ಜಾಗಕ್ಕ ಹೆಡ್‌ಫೋನ್ ಹಾಕ್ಕೋರಿ. ಒಂದೇ ಮನಿಯಾಗ ಮಾತು ಕಲಿತವರು ಸ್ವರ ಬಿಡೋದೂ ಒಂದೇ ತರಾ. ನಮ್ಮ ಅಕ್ಕನ ಮಕ್ಕಳು ವಚನ ಹಾಡುವಾಗ ಸಣ್ಣಾಕಿ ದೊಡ್ಡಾಕಿ ಬಾಯಿ ನೋಡಕೋತ ಉಸಿರು ತಗೋತಾಳ; ನನಗ ಅದೇ ನೆನಪಾಯ್ತು.

ಬರೇ ‘ಚಲೋ ಐತಿ’ ಅಂತ ಹಾಕಬ್ಯಾಡ್ರಿ. ಯಾವ ಹಾಡು, ಎಷ್ಟನೇ ನಿಮಿಷ, ಏನು ಕೇಳಸ್ತು, ಶನಿವಾರ ರಾತ್ರಿಯೊಳಗ ಇಲ್ಲೇ ಬರೀರಿ.