ಹತ್ತು ದಿನದಲ್ಲಿ ಮನೆ ಖಾಲಿ ಮಾಡಿ ಎಂದರೆ ಎಲ್ಲಿಗೆ ಹೋಗುವುದು? ಕಾರವಾರ–ಅಂಕೋಲಾ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಕಾರವಾರದಲ್ಲಿ ಕೋರ್ಟಿನ ಹತ್ತಿರ ಟೈಪಿಂಗ್, ಝೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ಹದಿನಾಲ್ಕು ವರ್ಷದಲ್ಲಿ ಎಷ್ಟು ಮನೆ ಬಾಡಿಗೆ ಕರಾರು ಟೈಪ್ ಮಾಡಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಹನ್ನೊಂದು ತಿಂಗಳ ಅವಧಿ, ಮುಂಗಡ ಇಷ್ಟು, ಬಾಡಿಗೆ ಇಷ್ಟು, ಸುಣ್ಣಬಣ್ಣದ ಖರ್ಚು ಬಾಡಿಗೆದಾರರದ್ದು. ಹಳೆಯ ಫೈಲು ತೆಗೆದು ಹೆಸರು ಬದಲಿಸಿದರೆ ಕೆಲಸ ಮುಗಿಯಿತು. ಆ ಫೈಲಿನ ಏಳನೇ ಕಲಮಿನಲ್ಲಿ, "ಮಾಲೀಕರು ಬಯಸಿದಾಗ ಯಾವುದೇ ತಂಟೆ ತಕರಾರು ಇಲ್ಲದೆ ಮನೆ ಖಾಲಿ ಮಾಡಿ ಕೊಡತಕ್ಕದ್ದು" ಎಂದಿದೆ. ಇಷ್ಟು ವರ್ಷ ಆ ಸಾಲನ್ನು ನಿಂತು ಓದಿರಲಿಲ್ಲ. ಕಳೆದ ಮೇ ತಿಂಗಳಲ್ಲಿ ಓದಬೇಕಾಯಿತು.

ಅವತ್ತು ಮೇ 22. "ತಂಗಿ, ಒಂದನೇ ತಾರೀಕಿಗೆ ಮನೆ ಬೇಕಿತ್ತಲ್ಲ" ಎಂದು ಮಾಲೀಕರು ಫೋನ್ ಮಾಡಿದರು. ನಂದನಗದ್ದೆಯ ಆ ಮನೆಯಲ್ಲಿ ಆರು ವರ್ಷದಿಂದ ಇದ್ದೆವು. ಮೊದಲ ಎರಡು ವರ್ಷ ಕರಾರು ಆಗಿತ್ತು, ಆಮೇಲೆ ಬಾಯಿಮಾತಿನಲ್ಲೇ ನಡೆದಿತ್ತು. ತಿಂಗಳಿಗೆ 6,500 ರೂಪಾಯಿ, ಐದನೇ ತಾರೀಕು ದಾಟಿಸಿದ್ದಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಅವರು ಮುಚ್ಚುಮರೆ ಮಾಡಲಿಲ್ಲ. ಯಾರೋ ಗುತ್ತಿಗೆದಾರರು ಎಂಟು ಜನ ಕೆಲಸಗಾರರನ್ನು ಇಡುತ್ತಾರಂತೆ, 18,000 ಕೊಡುತ್ತಾರಂತೆ. ನನ್ನ ಮಗ ಹತ್ತನೇ ತರಗತಿ, ಶಾಲೆ ಶುರುವಾಗುವ ಹೊತ್ತು. ಅಮ್ಮನಿಗೆ 71 ವರ್ಷ. ಒಂದನೇ ತಾರೀಕಿಗೆ ನಮಗೆ ಮನೆ ಸಿಗಲಿಲ್ಲ.

ಜೂನ್ 3ರ ಬೆಳಿಗ್ಗೆ ಬಾವಿಯ ಮೋಟಾರು ಚಾಲೂ ಆಗಲಿಲ್ಲ. ಡಬ್ಬಿ ತೆಗೆದು ನೋಡಿದರೆ ಫ್ಯೂಸ್ ಇಲ್ಲ, ಕಿತ್ತುಕೊಂಡು ಹೋಗಿದ್ದರು. ಬಾವಿಕಟ್ಟೆಯ ಗಡಗಡೆ ತೆಗೆದು ವರ್ಷಗಳೇ ಆಗಿದ್ದವು, ಹಾಗಾಗಿ ಸೇದುವ ದಾರಿಯೂ ಇರಲಿಲ್ಲ. ಹೊರಗೆ ಧೋ ಎಂದು ಮಳೆ. ಅಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾಡಿನ ಅಂಚಿನಿಂದ ಬೀಳುವ ನೀರಿಗೆ ಕೊಡಪಾನ ಒಡ್ಡಿ ನಿಂತಿದ್ದಳು. ಒಂದು ತುಂಬಿದರೆ ಇನ್ನೊಂದು. ಹಂಚಿನ ಮೇಲಿನ ಪಾಚಿಯೆಲ್ಲ ಕೊಡದ ತಳಕ್ಕೆ ಇಳಿಯುತ್ತಿತ್ತು. ಅದೇ ನೀರನ್ನು ಬಟ್ಟೆಯಲ್ಲಿ ಸೋಸಿ ನಾಲ್ಕು ದಿನ ಬಳಸಿದೆವು.

ಪೊಲೀಸ್ ಠಾಣೆಗೆ ಹೋದೆ. "ನೋಡಮ್ಮ, ಇದು ಸಿವಿಲ್ ಮ್ಯಾಟರು, ಮನೆ ಅವರದ್ದು, ನೀವೇ ಹೊಂದಿಕೊಂಡು ಬಿಟ್ಟುಬಿಡಿ" ಎಂದರು. ಬೈಯಲಿಲ್ಲ, ಕೂರಿಸಿ ಮಾತಾಡಿಸಿದರು. ಆದರೆ ದೂರು ಬರೆದುಕೊಳ್ಳಲಿಲ್ಲ.

ಶಾಸಕರೇ, ಕಾನೂನು ಹೇಳುವುದು ಬೇರೆ. ಕಾನೂನು ಸೇವಾ ಪ್ರಾಧಿಕಾರದ ವಕೀಲರೊಬ್ಬರು ನನ್ನನ್ನು ಕೂರಿಸಿ ವಿವರಿಸಿದರು. ಬರಹದ ಕರಾರು ಇಲ್ಲದಿದ್ದರೂ ತಿಂಗಳು ತಿಂಗಳು ಬಾಡಿಗೆ ಕೊಡುವವರು ಬಾಡಿಗೆದಾರರೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ ಅಂಥವರನ್ನು ಬಿಡಿಸಲು ಕನಿಷ್ಠ 15 ದಿನಗಳ ನೋಟಿಸು ಬೇಕು. ಅದು ಬರಹದಲ್ಲಿರಬೇಕು, ಸಹಿ ಇರಬೇಕು, ಅಂಚೆಯಲ್ಲೋ ಕೈಯಾರೆಯೋ ತಲುಪಬೇಕು. ಫೋನಿನಲ್ಲಿ ಹೇಳಿದ್ದು ನೋಟಿಸು ಆಗುವುದಿಲ್ಲ. ಇನ್ನೊಂದು ಮಾತನ್ನು ನಮ್ಮ ಊರಿನಲ್ಲಿ ಬಹಳ ಮಂದಿ ತಿಳಿದಿಲ್ಲ. ಆ 15 ದಿನ ಮುಗಿದ ಕೂಡಲೇ ಸಾಮಾನು ಹೊರಗೆ ಹಾಕುವ ಹಕ್ಕು ಮಾಲೀಕರಿಗೆ ಬರುವುದಿಲ್ಲ. ಬರುವುದು ಕೋರ್ಟಿಗೆ ಹೋಗುವ ಹಕ್ಕು ಮಾತ್ರ. ಕೋರ್ಟಿನ ಆದೇಶ ಇಲ್ಲದೆ ಬೀಗ ಬದಲಿಸಿ ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳ ಒಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಆ ದಾವೆಯಲ್ಲಿ ಮನೆಯ ಒಡೆತನ ಯಾರದ್ದು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಹಾಗಾದರೆ ನಾನೇಕೆ ದಾವೆ ಹೂಡಲಿಲ್ಲ? ನೀರಿಲ್ಲದ ಮನೆಯಲ್ಲಿ ಮುದುಕಿಯನ್ನೂ ಮಗನನ್ನೂ ಇಟ್ಟುಕೊಂಡು ವಾಯಿದೆ ಕಾಯುವುದು ಆಗುವ ಮಾತಲ್ಲ. ಜೂನ್ 7ಕ್ಕೆ ಕೋಡಿಬಾಗದಲ್ಲಿ ಎರಡು ಕೋಣೆಯ ಮನೆಗೆ ಬಂದೆವು, ಬಾಡಿಗೆ 8,500. ಟೆಂಪೊದಲ್ಲಿ ತಾಡಪತ್ರೆ ಕಟ್ಟಿದರೂ ಹಾಸಿಗೆ ಒದ್ದೆಯಾಯಿತು. ಮಗನ ಒಂಬತ್ತನೇ ತರಗತಿಯ ನೋಟ್ಸು ಒಂದಕ್ಕೊಂದು ಅಂಟಿಕೊಂಡು ಹಾಳಾದವು. 40,000 ಮುಂಗಡದಲ್ಲಿ ಬಣ್ಣದ ಲೆಕ್ಕ ಎಂದು 15,000 ಹಿಡಿದುಕೊಂಡರು.

ಆ ಮಾಲೀಕರನ್ನು ದೂಷಿಸಲು ಈ ಪತ್ರ ಬರೆಯುತ್ತಿಲ್ಲ. ಅವರ ಭಯವನ್ನೂ ಹತ್ತಿರದಿಂದ ಕಂಡಿದ್ದೇನೆ. "ಹೆಚ್ಚು ವರ್ಷ ಇಟ್ಟುಕೊಂಡರೆ ನಾಳೆ ಮನೆ ನಮ್ಮದೇ ಅಂತೀರಿ" ಎಂಬ ಮಾತನ್ನು ಅಂಗಡಿಯಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಈ ಭಯ ನಮ್ಮ ಜಿಲ್ಲೆಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಗೇಣಿ ರೈತರ ಪರವಾಗಿ ನಿಂತು ದಿನಕರ ದೇಸಾಯಿಯವರು ಗಡಿಪಾರಾದದ್ದು ಈ ನೆಲದಿಂದಲೇ. 1974ರಲ್ಲಿ ಭೂಸುಧಾರಣೆ ಬಂದು, ಉಳುವವರು ಡಿಕ್ಲರೇಶನ್ ಕೊಟ್ಟು ಹೊಲದ ಒಡೆಯರಾದರು. ನನ್ನ ಅಜ್ಜನಿಗೆ ಹನ್ನೆರಡು ಗುಂಟೆ ಗದ್ದೆ ಬಂದದ್ದೂ ಹಾಗೆಯೇ. ಅದು ನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಕಾನೂನು ಕೃಷಿ ಭೂಮಿಯ ಗೇಣಿಗೆ ಬಂದದ್ದು, ಪೇಟೆಯ ಮನೆ ಬಾಡಿಗೆಗೆ ಅಲ್ಲ. ಬಾಡಿಗೆ ಕೊಟ್ಟುಕೊಂಡು ಇರುವವರು ಇಪ್ಪತ್ತು ವರ್ಷ ಇದ್ದರೂ ಮಾಲೀಕರ ಒಡೆತನವನ್ನು ಅಲ್ಲಗಳೆಯುವಂತಿಲ್ಲ. ಇದನ್ನು ಮಾಲೀಕರಿಗೆ ಸರ್ಕಾರದ ಬಾಯಿಂದ ಯಾರೂ ಹೇಳಿಲ್ಲ. ಅವರಿಗೆ ಆ ಧೈರ್ಯ ಬಂದರೆ, ಹನ್ನೊಂದು ತಿಂಗಳಿಗೊಮ್ಮೆ ಜನರನ್ನು ಎಬ್ಬಿಸುವ ಚಾಳಿಯೂ ಎಷ್ಟೋ ಕಡಿಮೆಯಾಗುತ್ತದೆ.

ಇನ್ನು ಬಾಡಿಗೆ ಕಾಯ್ದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಒಳ್ಳೆಯ ರಕ್ಷಣೆಗಳಿವೆ. ಯಾವ ಯಾವ ಕಾರಣಕ್ಕೆ ಬಿಡಿಸಬಹುದು ಎಂದು ಅದು ಪಟ್ಟಿ ಮಾಡಿದೆ, ಆ ಕಾರಣ ಇಲ್ಲದೆ ಬಿಡಿಸುವಂತಿಲ್ಲ. ಆದರೆ ಆ ಕಾಯ್ದೆ ತನಗೇ ಒಂದು ಗೆರೆ ಹಾಕಿಕೊಂಡಿತು: ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಅದು ಅನ್ವಯಿಸುವುದಿಲ್ಲ. ಇಂದು ಕಾರವಾರದಲ್ಲಿ 2,000 ರೂಪಾಯಿಗೆ ಮನೆ ಎಲ್ಲಿದೆ? ಕಾಜುಬಾಗದಲ್ಲಿ ಒಂದು ಕೋಣೆಯೂ ಸಿಗಲಿಕ್ಕಿಲ್ಲ. ಹೀಗೆ ನಮ್ಮಂಥವರೆಲ್ಲ ಆ ಕಾಯ್ದೆಯ ಹೊರಗೆ ಉಳಿದಿದ್ದೇವೆ. ಈ ಗೆರೆ ಏರಿಸುವುದು ವಿಧಾನಸಭೆಯ ಕೈಯಲ್ಲಿದೆ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆಯೊಂದನ್ನು ಒಪ್ಪಿ ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಬಾರದು, ಜಗಳ ಏನೇ ಇರಲಿ ನೀರು ಕರೆಂಟು ತೆಗೆಯಬಾರದು ಎಂದು ಅದರಲ್ಲಿದೆ. ನಮಗೆ ಬೇಕಾದ ಮಾತುಗಳು ಇವೇ. ಇದನ್ನು ಸದನದಲ್ಲಿ ಎತ್ತಬೇಕು ಎಂದು ಕೇಳಿಕೊಳ್ಳುತ್ತೇನೆ.

ಕಾನೂನು ತಿದ್ದುಪಡಿಗೆ ಸಮಯ ಹಿಡಿಯುತ್ತದೆ, ಗೊತ್ತು. ಅಲ್ಲಿಯವರೆಗೆ ಕಾಯದೆ ಆಗುವ ಕೆಲಸಗಳೂ ಇವೆ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಜೊತೆ ಮಾತಾಡಿ, ಬೀಗ ಬದಲಿಸಿದ, ನೀರು ನಿಲ್ಲಿಸಿದ ದೂರು ಬಂದಾಗ "ಸಿವಿಲ್ ಮ್ಯಾಟರು" ಎಂದು ವಾಪಸು ಕಳಿಸಬಾರದು ಎಂದು ಎಲ್ಲ ಠಾಣೆಗಳಿಗೆ ಒಂದು ಸುತ್ತೋಲೆ ಹೊರಡಿಸಿ. ಮನೆ ಯಾರದ್ದು ಎಂಬುದು ಸಿವಿಲ್ ಇರಬಹುದು. ಒಳಗಿರುವವರನ್ನು ಬಲವಂತದಿಂದ ಹೊರಗೆ ಹಾಕುವುದು ಬರೀ ಸಿವಿಲ್ ಅಲ್ಲ.

ಇದಕ್ಕಿಂತ ದೊಡ್ಡ ವಿಷಯ ಗುತ್ತಿಗೆದಾರರದ್ದು. ನೌಕಾನೆಲೆಯ ವಿಸ್ತರಣೆ, ಕೈಗಾದ 5 ಮತ್ತು 6ನೇ ಘಟಕ, ಇವೆಲ್ಲ ಊರಿಗೆ ಕೆಲಸ ತಂದಿವೆ, ಬೇಡ ಎನ್ನುವವಳಲ್ಲ ನಾನು. ಒಡಿಶಾದಿಂದ, ಬಿಹಾರದಿಂದ ಬಂದ ಹುಡುಗರ ಮೇಲೂ ನನಗೆ ಸಿಟ್ಟಿಲ್ಲ. ನಾನು ಬಿಟ್ಟ ಮನೆಯ ಹಾಲಿನಲ್ಲಿ ಎಂಟು ಚಾಪೆ ಸಾಲಾಗಿ ಹಾಸಿದ್ದನ್ನು ಮುಂಗಡ ಕೇಳಲು ಹೋದಾಗ ಕಂಡೆ. ಒಂದೇ ಬಚ್ಚಲು, ಒಂದೇ ಪಾಯಖಾನೆ. ಅವರದ್ದೂ ಸುಖದ ಬದುಕಲ್ಲ. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಲ್ಲಿ ಅಥವಾ ಆದಷ್ಟು ಹತ್ತಿರದಲ್ಲಿ ಉಚಿತವಾಗಿ ತಾತ್ಕಾಲಿಕ ವಸತಿ ಮಾಡಿಕೊಡುವುದು ಕೆಲಸ ಕೊಟ್ಟವರ ಹೊಣೆ ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನೀರು, ಅಡುಗೆ ಜಾಗ, ಪಾಯಖಾನೆ ಎಲ್ಲ ಸೇರಿಸಿ. ಕಾರ್ಮಿಕ ಇಲಾಖೆಯವರನ್ನು ಕರೆದು, ಯಾವ ಗುತ್ತಿಗೆದಾರರು ವಸತಿ ಕಟ್ಟಿದ್ದಾರೆ, ಯಾರು ಪೇಟೆಯ ಸಂಸಾರದ ಮನೆಗಳನ್ನು ಹಿಡಿಯುತ್ತಿದ್ದಾರೆ ಎಂದು ಕೇಳಿ. ಈ ಒಂದು ಕೆಲಸ ಆದರೆ ಅವರಿಗೂ ನೆಟ್ಟಗೆ ಮಲಗುವ ಜಾಗ ಸಿಗುತ್ತದೆ, ನಮ್ಮ ಮನೆಗಳೂ ಉಳಿಯುತ್ತವೆ.

ಮಳೆಗಾಲವನ್ನೂ ನೀವು ಗಮನಿಸಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲದ ಬಂದರಿನಲ್ಲಿ ದುಡಿಯುವ ಎಷ್ಟೋ ಮನೆಗಳಿಗೆ ಆ ಎರಡು ತಿಂಗಳು ಸಂಪಾದನೆಯೇ ಇಲ್ಲ. ಹೊಸ ಮನೆಗೆ ಮುಂಗಡ ಎಲ್ಲಿಂದ ತರಬೇಕು? ಹಾಗಾಗಿ ಕರಾರಿನಲ್ಲೇ ಎರಡು ತಿಂಗಳ ನೋಟಿಸು ಇರಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಸಾರಗಳನ್ನು ಬಿಡಿಸಬಾರದು ಎಂಬ ಕಲಮು ಇರಬೇಕು. ಕರಾರಿನಲ್ಲಿ ಹೆಚ್ಚು ದಿನ ಬರೆದರೆ ಕಾನೂನಿನ 15 ದಿನದ ಬದಲು ಅದೇ ನಡೆಯುತ್ತದೆ.

ನನ್ನ ಅಂಗಡಿಯ ಫೈಲಿನಿಂದ ಆ ಏಳನೇ ಕಲಮು ಅಳಿಸಿದ್ದೇನೆ. ಅದರ ಜಾಗಕ್ಕೆ ಈ ಎರಡು ಕಲಮು ಹಾಕಿ, ಕೆಳಗೆ ಮಾಲೀಕರ ಒಡೆತನಕ್ಕೆ ಯಾವ ಧಕ್ಕೆಯೂ ಇಲ್ಲ ಎಂದು ಸ್ಪಷ್ಟವಾಗಿ ಬರೆದು, ಎರಡು ಪುಟದ ಮಾದರಿ ಕರಾರು ಮಾಡಿಟ್ಟಿದ್ದೇನೆ. ಉಚಿತ ಕಾನೂನು ನೆರವಿನ 15100 ಸಂಖ್ಯೆಯನ್ನೂ ಕೊನೆಯಲ್ಲಿ ಹಾಕಿದ್ದೇನೆ, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಆ ನೆರವು ಸಿಗುತ್ತದೆ. ವಕೀಲರು ಒಮ್ಮೆ ನೋಡಿ ಸರಿ ಎಂದಿದ್ದಾರೆ. ನಗರಸಭೆಯ ಮೂಲಕ ಇದನ್ನು ಕನ್ನಡದಲ್ಲೂ ಕೊಂಕಣಿಯಲ್ಲೂ ಮಾಡಿಸಿ ಎಲ್ಲ ಟೈಪಿಂಗ್ ಅಂಗಡಿಗಳಿಗೆ ಕಳಿಸಿ. ಪ್ರತಿಯನ್ನು ಸೋಮವಾರ ನಿಮ್ಮ ಕಚೇರಿಗೆ ತಂದುಕೊಡುತ್ತೇನೆ, ಹತ್ತು ನಿಮಿಷ ಸಮಯ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಕೋಡಿಬಾಗದ ಒಬ್ಬ ಬಾಡಿಗೆದಾರಳು
ಕಾರವಾರ