ನೀಲಿ ಕವರಿನಲ್ಲಿ ಕನ್ನಡವೂ ಇರಲಿ

ಮಾನ್ಯ ಸಂಪಾದಕರೇ,

ಕೇರಳದಲ್ಲಿ ಆಂಟಿಬಯೋಟಿಕ್ (ಬ್ಯಾಕ್ಟೀರಿಯಾ ಕೊಲ್ಲುವ ಮದ್ದು) ಹಾಕಿ ಕೊಡುವ ನೀಲಿ ಕವರಿನ ಬಗ್ಗೆ ಈ ಪತ್ರ; ಮೊದಲು ನಮ್ಮ ಮನೆಯ ಕಥೆ. ಹೋದ ತಿಂಗಳು ಅಮ್ಮನಿಗೆ ಉರಿಮೂತ್ರ ಶುರುವಾಯಿತು. 72 ವರ್ಷ. ಎರಡು ದಿನ ಎಳನೀರು, ಬಾರ್ಲಿ ನೀರು ಅಂತ ಕಳೆದರು, ನಮಗೆ ಹೇಳಿದ್ದು ಚಳಿಜ್ವರ ಬಂದ ಮೇಲೆ. ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ನಮ್ಮ ಹೆಂಗಸರಿಗೆ ಅಷ್ಟು ನಾಚಿಕೆ.

ಡಾಕ್ಟರು ಮೂತ್ರದ ಕಲ್ಚರ್ ಮಾಡಿಸಿದರು, ಅಂದರೆ ಮೂತ್ರದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ. ಸಿಕ್ಕಿದ್ದು ಇ. ಕೋಲಿ. ನಮ್ಮೆಲ್ಲರ ಕರುಳಿನಲ್ಲಿ ಸುಮ್ನೆ ಇರುವ ಬ್ಯಾಕ್ಟೀರಿಯಾ ಅದು, ಮೂತ್ರದ ದಾರಿಗೆ ಹೊಕ್ಕರೆ ತೊಂದರೆ. ವರದಿಯ ಕೆಳಗೆ ಮದ್ದುಗಳ ಉದ್ದ ಪಟ್ಟಿ, ಒಂದೊಂದರ ಎದುರು ಒಂದು ಅಕ್ಷರ. 'ಎಸ್' ಅಂದರೆ ಮದ್ದು ತಾಗುತ್ತದೆ, 'ಆರ್' ಅಂದರೆ ತಾಗುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಆರ್, ಸೆಫಿಕ್ಸಿಮ್ ಆರ್, ಕೆಳಗೆ ಇಳಿದಂತೆ ಆರ್, ಆರ್. ಮಾತ್ರೆಗಳಲ್ಲಿ ನೈಟ್ರೊಫ್ಯುರಾಂಟೊಯಿನ್‌ಗೆ ಎಸ್ ಇತ್ತು, ಆದರೆ ಅದು ಕೆಲಸ ಮಾಡುವುದು ಮೂತ್ರಚೀಲದಲ್ಲಿ; ಜ್ವರ ಬಂದಿದೆ ಅಂದರೆ ಸೋಂಕು ಕಿಡ್ನಿಗೆ ಏರಿರಬಹುದು, ಅಲ್ಲಿಗೆ ಅದು ಸಾಲದು ಅಂದರು. ಕೊನೆಗೆ ಏಳು ದಿನ ಆಸ್ಪತ್ರೆಯಲ್ಲಿ ಮಲಗಿಸಿ ಇಂಜೆಕ್ಷನ್.

"ಮೊದಲು ಸಿಪ್ರೊ ತಿಂದಿದ್ರಾ?" ಅಂತ ಕೇಳಿದರು. ಅಮ್ಮ ನನ್ನ ಮುಖ ನೋಡಿದರು. ಮನೆಯ ಬಿಸ್ಕತ್ತು ಡಬ್ಬದಲ್ಲಿ ಕತ್ತರಿಯಿಂದ ತುಂಡು ಮಾಡಿದ ಅರ್ಧರ್ಧ ಸ್ಟ್ರಿಪ್ಪುಗಳಿವೆ. ತಂದುಕೊಟ್ಟದ್ದು ನಾನೇ. 2024ರಿಂದ ಕೇರಳದಲ್ಲಿ ಡಾಕ್ಟರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವುದರ ಮೇಲೆ ಕಣ್ಣು ಜಾಸ್ತಿ, ಅದಕ್ಕೆ ಗಡಿಯ ಸಾರಡ್ಕ ದಾಟಿ ಕರ್ನಾಟಕಕ್ಕೆ ಹೋಗಿ ತಂದೆ, ದೊಡ್ಡ ಜಾಣನ ಹಾಗೆ. ಚೀಟಿ ಬೇಕು ಅನ್ನುವ ಕಾನೂನು ಅತ್ತಲೂ ಇದೆ, ಅಂಗಡಿಯವರು ಕೇಳಲಿಲ್ಲ, ಅಷ್ಟೆ. ಹೊಟ್ಟೆ ಕೆಟ್ಟರೂ ಸಿಪ್ರೊ, ಶೀತಕ್ಕೂ ಸಿಪ್ರೊ. ಶೀತ ವೈರಸ್‌ನಿಂದ ಬರುವುದು, ಈ ಮಾತ್ರೆಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ನುಂಗಿದಾಗಲೆಲ್ಲ ಕರುಳಿನಲ್ಲಿ ಮೆತ್ತಗಿನ ಬ್ಯಾಕ್ಟೀರಿಯಾಗಳು ಸಾಯುತ್ತವೆ, ತಡೆದುಕೊಂಡವು ಉಳಿದು ಮರಿ ಹಾಕುತ್ತವೆ. ಆ ತಾಕತ್ತನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವಂತೆ!

ಈಗ ಹೇಳಬೇಕಾದ ಮಾತು. ಕೇರಳದಲ್ಲಿ ಆಂಟಿಬಯೋಟಿಕ್‌ಗಳನ್ನು ನೀಲಿ ಕವರಿನಲ್ಲಿ ಹಾಕಿ ಕೊಡುವ ಕ್ರಮ ಬಂದಿದೆ. ನಿಜಕ್ಕೂ ಒಳ್ಳೆಯ ಉಪಾಯ, ಇದು ಬೇರೆ ತರದ ಮದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ನಮಗೆ ಸಿಕ್ಕಿದ ಕವರಿನಲ್ಲಿ ಇದ್ದದ್ದು ಬರೀ ಮಲಯಾಳ. ಅಮ್ಮನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಈಗ ಆ ಕವರಿನಲ್ಲಿ ಬಸಳೆ ಬೀಜ ಹಾಕಿಟ್ಟಿದ್ದಾರೆ.

ಕಾಸರಗೋಡು, ಮಂಜೇಶ್ವರ ತಾಲೂಕುಗಳು ಭಾಷಾ ಅಲ್ಪಸಂಖ್ಯಾತರ ಪ್ರದೇಶ ಅಂತ ಸರ್ಕಾರವೇ ಒಪ್ಪಿದೆ, ಅಲ್ವಾ? ಹಾಗಾದರೆ ಇಲ್ಲಿಗೆ ಬರುವ ಕವರಿನ ಇನ್ನೊಂದು ಬದಿಯಲ್ಲಿ ನಾಲ್ಕು ಸಾಲು ಕನ್ನಡ ಅಚ್ಚು ಹಾಕಿಸಲಿ. ಡಾಕ್ಟರು ಹೇಳದೆ ತಿನ್ನಬೇಡಿ, ಉಳಿದದ್ದನ್ನು ಎತ್ತಿಡಬೇಡಿ, ಇನ್ನೊಬ್ಬರಿಗೆ ಕೊಡಬೇಡಿ, ಇಷ್ಟಿದ್ದರೂ ಸಾಕು. ಬರೆದುಕೊಡಲು ಜನ ಬೇಕಾದರೆ, ನಮ್ಮ ಕಡೆ ಕನ್ನಡ ಮೇಷ್ಟ್ರುಗಳಿಗೇನೂ ಬರವಿಲ್ಲ.

— ಒಬ್ಬ ಓದುಗ, ಪೆರ್ಲ